ಪಿಯಾನೋದವನು ಬರಲಿಲ್ಲ

ನನಗೆ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ನಿಮಗೆ ಬೇರೆ ಥರ ಅನ್ನಿಸಬಹುದು. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಮನೆ ಕಟ್ಟಿಸಿದಾಗ ನಾನು ಸಂತೋಷಪಟ್ಟೆ. ಕಾರು ಕೊಂಡಾಗ ಎಲ್ಲರಿಗಿಂತ ಮುಂದೆ ನಿಂತು, ಅದರ ಬಾಗಿಲನ್ನು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿ, "ಸ್ವಲ್ಪ ಕಿರ್ ಅನ್ನುತ್ತೆ, ಅಷ್ಟೇ" ಎಂದು ಮನಸಾರೆ ಹಾರೈಸಿದೆ. ಅವನ ತಲೆಯಲ್ಲಿ ಈ ವಯಸ್ಸಿನಲ್ಲೂ ಅಷ್ಟೊಂದು ಕೂದಲಿರುವುದನ್ನು ನಾನು ಎಂದೋ ಕ್ಷಮಿಸಿದ್ದೇನೆ. ಆದರೆ ಸಹನೆಗೂ ಒಂದು ಮಿತಿ ಅಂತ ಇರಬೇಕಲ್ಲ. ಅವನು ನಮ್ಮ ಮಾವನ ಬಾಯಿಂದ "ಭೇಷ್" ಅನ್ನಿಸಿಕೊಂಡ!

ನಮ್ಮ ಮಾವ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಜೀವಮಾನವೆಲ್ಲ ಕೆಂಪು ಬಾವುಟ, ಹಸಿರು ಬಾವುಟ ತೋರಿಸಿಯೇ ಕೆಲಸ ಮುಗಿಸಿದ್ದರಿಂದ ಮಾತಿನ ಅಭ್ಯಾಸ ಕಮ್ಮಿ. ಎಲ್ಲದಕ್ಕೂ "ಹೂಂ" ಅನ್ನುತ್ತಾರೆ. ಅವರ ಮಗಳನ್ನು ಮದುವೆಯಾಗುತ್ತೇನೆ ಎಂದು ನಾನು ಎದುರು ಹೋಗಿ ನಿಂತಾಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಹೂಂ" ಅಂದರು. ನನ್ನದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಕಣ್ಣು ಪರೀಕ್ಷಿಸಿ, ಗಾಜು ತಿಕ್ಕಿ, ಚೌಕಟ್ಟಿಗೆ ಕೂರಿಸಿ ಕೊಡುತ್ತೇನೆ. ಮಾವನಿಗೆ ನನ್ನ ಕೈಯಾರೆ ಒಂದು ಕನ್ನಡಕ ಮಾಡಿಕೊಟ್ಟೆ. ಅವರು ಅದನ್ನು ಹಾಕಿಕೊಂಡು, ಪೇಪರಿನ ಮೂಲೆಯಲ್ಲಿದ್ದ ಸೊಳ್ಳೆಯಷ್ಟು ಸಣ್ಣ ಅಕ್ಷರವನ್ನು ಗಟ್ಟಿಯಾಗಿ ಓದಿ, "ಹೂಂ. ಕಿವಿ ಹತ್ರ ಒತ್ತುತ್ತೆ" ಅಂದರು. ಅಂಥ ಮನುಷ್ಯ ಭೇಷ್ ಅಂದಿದ್ದು ಯಾತಕ್ಕೆ ಗೊತ್ತೇ? ಎರಡು ಮರದ ಪೆಟ್ಟಿಗೆಗೆ.

ಷಡ್ಡಕ ಲಿಫ್ಟ್ ಕಂಪನಿಯಲ್ಲಿ ಮ್ಯಾನೇಜರ್. ದಿನವಿಡೀ ಊರವರನ್ನೆಲ್ಲ ಮೇಲೆ ಕೆಳಗೆ ಮಾಡುತ್ತಾ ತಾನು ಮಾತ್ರ ಯಾವಾಗಲೂ ಮೇಲಿನ ಮಹಡಿಯಲ್ಲೇ ಇರುವ ಮನುಷ್ಯ. ಹೊಸ ರೆಕಾರ್ಡ್ ಪ್ಲೇಯರ್ ಬಂದಿದೆ, ಬನ್ನಿ ಅಂತ ನಮ್ಮನ್ನೆಲ್ಲ ಕರೆದ. ಹಾಲ್‌ನ ಆ ತುದಿಗೊಂದು ಈ ತುದಿಗೊಂದು ಸೊಂಟದೆತ್ತರದ ಸ್ಪೀಕರು. ಎದುರಿಗೆ ಸರಿಯಾಗಿ ಮಧ್ಯದಲ್ಲಿ ಒಂದು ಮೆತ್ತನೆಯ ಕುರ್ಚಿ. ಅದರಲ್ಲಿ ಮಾವನನ್ನು ಕೂರಿಸಿದ. ನನಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಸ್ಟೂಲು.

"ಮಧ್ಯದಲ್ಲಿ ಕೂತವರಿಗೆ ಮಾತ್ರ ಪೂರ್ತಿ ಕೇಳಿಸೋದು, ಭಾವ. ನಿಮಗೆ ಅಲ್ಲಿಂದ ಸ್ವಲ್ಪ ಕಮ್ಮಿ ಕೇಳಿಸುತ್ತೆ. ಬೇಜಾರಿಲ್ಲ ತಾನೆ?"

"ಛೇ ಛೇ, ನನಗ್ಯಾಕೆ ಬೇಜಾರು."

"ಇದು ಜಾಜ್. ಪಿಯಾನೋ ಟ್ರಿಯೋ ಅಂತಾರೆ. ಮೂರೇ ಜನ. ಒಬ್ಬ ಪಿಯಾನೋ, ಒಬ್ಬ ಡ್ರಮ್, ಇನ್ನೊಬ್ಬ ಆಳೆತ್ತರದ ಪಿಟೀಲು ನಿಲ್ಲಿಸ್ಕೊಂಡು ಬೆರಳಲ್ಲಿ ಧುಂ ಧುಂ ಅನ್ನಿಸ್ತಾನಲ್ಲ, ಅವನು."

"ಮೂರೇ ಜನವಾ? ಇಷ್ಟೆಲ್ಲ ಖರ್ಚು ಮಾಡಿ ಮೂರೇ ಜನವಾ?" ಎಂದು ನಾನು ಕಾಳಜಿಯಿಂದ ಕೇಳಿದೆ.

ಅಷ್ಟರಲ್ಲಿ ಪಿಯಾನೋ ಶುರುವಾಗಿತ್ತು. ಮಾವ ಕಣ್ಣು ಮುಚ್ಚಿದರು. ಅವರ ಕಾಲ್ಬೆರಳು ಅಲ್ಲಾಡತೊಡಗಿತು. ಒಂದು ಬದಿ ಮುಗಿದು ಮುಳ್ಳು ಎದ್ದಾಗ ಅವರು ಕಣ್ಣು ತೆರೆದು, ಗಂಟಲು ಸರಿಮಾಡಿಕೊಂಡು, ಆ ಮಾತನ್ನು ಆಡಿಯೇಬಿಟ್ಟರು. ಭೇಷ್! ನನ್ನ ಹೆಂಡತಿ ತಿರುಗಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಏನೂ ಇರಲಿಲ್ಲ, ಆದರೂ ನಾನು ಅದರಲ್ಲಿ ಬೇಕಾದಷ್ಟು ಓದಿಕೊಂಡೆ.

ಇದು ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದು, ಸಂಜೆಯವರೆಗೂ ಮಗಳ ಜೊತೆ ಇದ್ದು ಹೋಗುತ್ತಿದ್ದ ಮಾವ, ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಫೋನ್ ಮಾಡಿದರೆ, "ಇಲ್ಲೇ ಚಿಕ್ಕವಳ ಮನೇಲಿದೀನಿ. ಕೇಳ್ತಾ ಇದೀನಿ" ಎಂದು ಇಟ್ಟುಬಿಟ್ಟರು. ಹೆಂಡತಿ ಅವರಿಗೆಂದು ಇಟ್ಟಿದ್ದ ತಟ್ಟೆಯನ್ನು ಸುಮ್ಮನೆ ಎತ್ತಿ ಒಳಗಿಟ್ಟಳು.

"ನೋಡಿದ್ಯಾ ನಿನ್ನ ತಂಗಿ ಗಂಡನ ಕೆಲಸಾನ? ಪೆಟ್ಟಿಗೆ ಇಟ್ಟು ಮಾವನ್ನ ಹಾರಿಸಿಕೊಂಡು ಹೋದ!" ಎಂದೆ.

"ನಿಮಗೆ ಅವರದೇ ಚಿಂತೆ. ನನಗೆ ನಮ್ಮಪ್ಪ ವಾರಕ್ಕೊಂದ್ಸಲ ಮನೆಗೆ ಬಂದ್ರೆ ಸಾಕು" ಎಂದಳು. ಅವಳ ದನಿ ಸ್ವಲ್ಪ ಗದ್ಗದವಾಗಿತ್ತು. ನಾನು ಆ ಕ್ಷಣವೇ ಎದ್ದು ನಿಂತೆ. ಹೆಂಡತಿಯ ಕಣ್ಣೀರು ಒರೆಸುವುದು ಗಂಡನ ಕರ್ತವ್ಯ. ಆ ಕರ್ತವ್ಯಕ್ಕೆ ಷಡ್ಡಕನದಕ್ಕಿಂತ ದೊಡ್ಡ ಸ್ಪೀಕರು ಬೇಕಾಗಿದ್ದರೆ ಅದು ನನ್ನ ತಪ್ಪಲ್ಲ.

ಸ್ಪೀಕರ್ ಅಂಗಡಿಯವನು ದುಂಡಗಿದ್ದ, ಹಸನ್ಮುಖಿ. ನನ್ನನ್ನು ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿ, "ಈಗ ಕೇಳಿ ಸರ್. ಇದು ಚೆನ್ನಾಗಿದೆಯಾ, ಇಲ್ಲಾ ಇದಾ?" ಎಂದ. ಇದೇ ಪ್ರಶ್ನೆಯನ್ನು ನಾನು ದಿನವೂ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ ಕೇಳುತ್ತೇನೆ. ಅವರು ಪರೀಕ್ಷೆಯಲ್ಲಿ ಫೇಲಾದೇವೆಂದು ಹೆದರಿ "ಎರಡನೇದು" ಅನ್ನುತ್ತಾರೆ.

"ಎರಡನೇದು" ಎಂದೆ ನಾನು.

"ಸರ್, ಇನ್ನೂ ಎರಡನೇದು ಹಾಕಿಲ್ಲ."

"ಹಾಕಿದ ಮೇಲೂ ಅದೇ ಚೆನ್ನಾಗಿರುತ್ತೆ. ನೋಡಿ, ನನಗೆ ಸುತ್ತುಬಳಸಿನ ಮಾತು ಬೇಡ. ನನ್ನ ಷಡ್ಡಕನ ಹತ್ರ ಇರೋದಕ್ಕಿಂತ ದೊಡ್ಡದು ಕೊಡಿ."

"ಅವರ ಹತ್ರ ಯಾವುದಿದೆ?"

"ಕಂದು ಬಣ್ಣದ್ದು."

ಅಂಗಡಿಯವನು ಬಹಳ ಹೊತ್ತು ಯೋಚಿಸಿ, ಕಪ್ಪು ಬಣ್ಣದ್ದು ಕೊಟ್ಟ. ನನ್ನ ಎದೆಯವರೆಗೆ ಬರುತ್ತಿತ್ತು. ಪ್ಲೇಯರು, ಆಂಪ್ಲಿಫೈಯರು, ಜೊತೆಗೆ ಒಂದು ಹಳೇ ಕಾಲದ ಜಾಜ್ ಟ್ರಿಯೋ ರೆಕಾರ್ಡು, ಸೀಲ್ ಕೂಡ ಒಡೆಯದ್ದು. ದುಡ್ಡಿನ ವಿಷಯ ಬೇಡ, ಹೆಂಡತಿ ಇದನ್ನು ಓದುವ ಸಂಭವವಿದೆ.

"ಸರ್, ಎರಡು ಸ್ಪೀಕರನ್ನೂ ಪಕ್ಕಪಕ್ಕ ಇಡಬೇಡಿ. ದೂರ ದೂರ ಇಡಿ. ಆಗ ಸಂಗೀತ ಅಗಲವಾಗಿ ಕೇಳಿಸುತ್ತೆ" ಎಂದ. ಇನ್ನೂ ಏನೋ ಹೇಳಹೊರಟಿದ್ದ, ಆದರೆ ನನಗೆ ಬೇಕಾದ ಗುಟ್ಟು ಸಿಕ್ಕಿಬಿಟ್ಟಿತ್ತು. ಅಗಲ!

ಮನೆಗೆ ಬಂದು ಲೆಕ್ಕ ಹಾಕಿದೆ. ಷಡ್ಡಕನ ಸಂಗೀತ ಅವನ ಹಾಲ್‌ನಷ್ಟು ಅಗಲ. ನನ್ನ ಹಾಲ್ ಅವನದರ ಅರ್ಧವೂ ಇಲ್ಲ. ಆದರೆ ಒಂದು ಸ್ಪೀಕರನ್ನು ಹಾಲ್‌ನಲ್ಲಿಟ್ಟು, ಉದ್ದನೆಯ ವೈರು ಎಳೆದು, ಇನ್ನೊಂದನ್ನು ನಡುಕೋಣೆಯ ಆಚೆ ಇರುವ ಅಡುಗೆಮನೆಯಲ್ಲಿಟ್ಟರೆ? ಹಿಟ್ಟಿನ ದೊಡ್ಡ ಡಬ್ಬವನ್ನು ಸರಿಸಿ ಆ ಜಾಗದಲ್ಲಿ ಸ್ಪೀಕರು ನಿಲ್ಲಿಸಿದೆ.

"ಇದ್ಯಾಕ್ರೀ ಇಲ್ಲಿ?" ಹೆಂಡತಿ ಸೌಟು ಹಿಡಿದುಕೊಂಡೇ ಕೇಳಿದಳು.

"ಅಗಲ! ನಿನ್ನ ತಂಗಿ ಮನೆ ಸಂಗೀತ ಬರೀ ಹಾಲ್‌ನಷ್ಟು ಅಗಲ. ನಮ್ಮದು ಹಾಲ್, ನಡುಕೋಣೆ, ಅಡುಗೆಮನೆ, ಎಲ್ಲಾ ಸೇರಿ!"

"ಹಾಗಿದ್ರೆ ಬಚ್ಚಲಲ್ಲಿ ಇಡಿ. ಇನ್ನೂ ಅಗಲ ಆಗುತ್ತೆ."

ನಾನು ಅದನ್ನೂ ಗಂಭೀರವಾಗಿ ಪರಿಶೀಲಿಸಿದೆ. ವೈರು ಸಾಲಲಿಲ್ಲ.

ಆಂಪ್ಲಿಫೈಯರಿಗೆ ಮನೆಯ ರೇಡಿಯೋ ಸಿಕ್ಕಿಸಿ ಪರೀಕ್ಷೆ ಮಾಡಿದೆ. ವಾರ್ತೆ ಓದುವವಳು ಹಾಲ್‌ನಲ್ಲೂ ಅಡುಗೆಮನೆಯಲ್ಲೂ ಒಟ್ಟಿಗೇ ಓದಿದಳು. ಗೋಡೆಯಾಚೆಗಿನ ಮನೆಯ ಡ್ರಿಲ್ ಮೇಷ್ಟ್ರು ಬಂದು ಬಾಗಿಲು ಬಡಿದರು. ಸ್ಕೂಲಿನಿಂದ ನಿವೃತ್ತರಾದ ಮೇಲೂ ಅವರ ದನಿ ಮೈದಾನದಲ್ಲೇ ಇದೆ.

"ಏನ್ರೀ ಇದು! ನಮ್ಮ ಮಲಗೋ ಕೋಣೇಲೂ ವಾರ್ತೆ, ಪಡಸಾಲೇಲೂ ವಾರ್ತೆ! ಎಲ್ಲಿ ನಿಲ್ಲೋದು ನಾವು?"

"ಭಾನುವಾರ ಬನ್ನಿ ಮೇಷ್ಟ್ರೇ, ಜಾಜ್ ಇದೆ" ಎಂದೆ. ಗೆಲುವಿಗೆ ಹೊರಗಿನವರ ಸಾಕ್ಷಿ ಒಂದಿದ್ದರೆ ಒಳ್ಳೆಯದು. ರೆಕಾರ್ಡನ್ನು ಮಾತ್ರ ಹಾಕಿ ನೋಡಲಿಲ್ಲ. ಅದರ ಸೀಲು ಷಡ್ಡಕನ ಕಣ್ಣೆದುರೇ ಒಡೆಯಬೇಕು ಎಂದು ತೀರ್ಮಾನಿಸಿದ್ದೆ.

ಭಾನುವಾರ ಎಲ್ಲರೂ ಬಂದರು. ಮಾವನನ್ನು ಸ್ಪೀಕರಿನ ಎದುರು ದೊಡ್ಡ ಕುರ್ಚಿಯಲ್ಲಿ ಕೂರಿಸಿದೆ. ನಾದಿನಿಗೆ ಸೋಫಾ, ಮೇಷ್ಟ್ರಿಗೆ ಬೆತ್ತದ ಕುರ್ಚಿ. ಷಡ್ಡಕನಿಗೆ ಬಾಗಿಲ ಹಿಂದೆ, ಛತ್ರಿಗಳ ಪಕ್ಕ, ಒಂದು ಸ್ಟೂಲು.

"ನಿಮಗೆ ಅಲ್ಲಿಂದ ಸ್ವಲ್ಪ ಕಮ್ಮಿ ಕೇಳಿಸುತ್ತೆ. ಬೇಜಾರಿಲ್ಲ ತಾನೆ?" ಎಂದೆ. ಈ ವಾಕ್ಯವನ್ನು ವಾರವೆಲ್ಲ ಅಭ್ಯಾಸ ಮಾಡಿದ್ದೆ.

"ಇನ್ನೊಂದು ಸ್ಪೀಕರ್ ಎಲ್ಲಿ, ಭಾವ?"

"ಇದೆ. ಎಲ್ಲಾ ಕಾಣೋ ಹಾಗೆ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸೋ ಕಾಲ ಹೋಯ್ತು."

ಷಡ್ಡಕ ತುಟಿ ಕಚ್ಚಿಕೊಂಡ. ಒಗ್ಗರಣೆಯ ಘಾಟು ಬಂದು ಸಭೆಯ ಗಾಂಭೀರ್ಯ ಕೆಡದಿರಲಿ ಎಂದು ಅಡುಗೆಮನೆಯ ಬಾಗಿಲನ್ನು ಭದ್ರವಾಗಿ ಹಾಕಿ ಬಂದೆ. ಹೆಂಡತಿ ಒಳಗೆ ಈರುಳ್ಳಿ ಹೆಚ್ಚುತ್ತಿದ್ದಳು. ಸೀಲು ಒಡೆದು, ಎಲ್ಲರಿಗೂ ತೋರಿಸಿ, ಮುಳ್ಳು ಇಳಿಸಿದೆ.

ಧುಂ ಧುಂ ಧುಂ ಧುಂ. ಟಿಸ್ ಟಿಸ್. ಧುಂ ಧುಂ ಧುಂ ಧುಂ. ಟಿಸ್ ಟಿಸ್.

ನಾನು ಕಣ್ಣು ಮುಚ್ಚಿ ತಲೆಯಾಡಿಸಿದೆ. ಧುಂ ಧುಂ. ಇನ್ನೇನು ಪಿಯಾನೋ ಬರುತ್ತದೆ. ಟಿಸ್ ಟಿಸ್. ಈಗ ಬಂತು. ಧುಂ ಧುಂ. ಬರಲಿಲ್ಲ.

"ಭಾವ, ಪಿಯಾನೋ ಎಲ್ಲಿ?" ಛತ್ರಿಗಳ ಕಡೆಯಿಂದ ದನಿ ಬಂತು.

"ಬರ್ತಾನೆ ಇರಿ. ದೊಡ್ಡ ಕಲಾವಿದ. ಎಲ್ಲರಿಗಿಂತ ಮೊದಲೇ ಬಂದು ಕೂತ್ಕೊಳ್ತಾನಾ?"

ಹಾಡು ಮುಗಿಯಿತು. ಎರಡನೆಯದು ಶುರುವಾಯಿತು. ಧುಂ ಧುಂ ಧುಂ.

"ಇನ್ನೂ ಬಂದಿಲ್ಲ" ಎಂದರು ಡ್ರಿಲ್ ಮೇಷ್ಟ್ರು. "ನಮ್ಮ ಸ್ಕೂಲಲ್ಲಾಗಿದ್ರೆ ಬಿಸಿಲಲ್ಲಿ ನಿಲ್ಲಿಸ್ತಿದ್ದೆ."

ಮರ್ಯಾದೆ ಹೋಗುವ ಹೊತ್ತಿನಲ್ಲಿ ಮನುಷ್ಯನಿಗೆ ಬುದ್ಧಿ ಎಲ್ಲಿಂದಲೋ ಬರುತ್ತದೆ. ನಾನು ಷಡ್ಡಕನ ಕಡೆ ತಿರುಗಿ ಮೆಲ್ಲಗೆ ನಕ್ಕೆ.

"ನಿಮಗೆ ಗೊತ್ತಿಲ್ವಾ? ಈ ಆಲ್ಬಮ್ಮಿನ ವಿಶೇಷವೇ ಅದು. ಪಿಯಾನೋದವನು ಬಾರಿಸೋದೇ ಇಲ್ಲ."

"ಬಾರಿಸೋದೇ ಇಲ್ವಾ?"

"ಕೂತಿರ್ತಾನೆ. ಪಿಯಾನೋ ಮುಂದೆಯೇ ಕೂತಿರ್ತಾನೆ. ಬಾರಿಸಬಹುದು, ಆದ್ರೆ ಬಾರಿಸಲ್ಲ. ಅದಕ್ಕೇ ಟ್ರಿಯೋ ಅನ್ನೋದು. ಅವನು ಕೂತಿರೋದು ಕೇಳಿಸ್ತಿಲ್ವಾ?"

ಷಡ್ಡಕ ಕಿವಿಯನ್ನು ಸ್ಪೀಕರಿನ ಕಡೆ ಚಾಚಿದ. ಅವನ ಹಣೆಯಲ್ಲಿ ಗೆರೆಗಳು ಮೂಡಿದವು. ಆಮೇಲೆ, ಎಲ್ಲರೂ ನೋಡುತ್ತಿದ್ದಾರೆ ಎಂದು ಗೊತ್ತಾಗಿ, "ಹೌದು ಹೌದು, ಈಗ ಕೇಳಿಸ್ತು. ಚೆನ್ನಾಗಿ ಕೂತಿದಾನೆ" ಎಂದ. ಗೊತ್ತಿಲ್ಲ ಅನ್ನುವುದು ಅವನ ರಕ್ತದಲ್ಲೇ ಇಲ್ಲ. ಆ ಒಂದು ಗುಣದಲ್ಲಿ ಮಾತ್ರ ನಾವಿಬ್ಬರೂ ಒಂದೇ.

ಮಾವ ಕುರ್ಚಿಯಿಂದ ಎದ್ದರು. "ನೀರು ಕುಡಿದು ಬರ್ತೀನಿ" ಎಂದು ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು. ಬಹಳ ಹೊತ್ತಾದರೂ ಬರಲಿಲ್ಲ. "ಅಪ್ಪ ಏನು ಮಾಡ್ತಿದಾರೆ ನೋಡ್ತೀನಿ" ಎಂದು ನಾದಿನಿ ಹೋದಳು. ಅವಳೂ ಬರಲಿಲ್ಲ. ಡ್ರಿಲ್ ಮೇಷ್ಟ್ರು ಎದ್ದು, "ನೀವಿಬ್ಬರೂ ಕದಲಬೇಡಿ, ನಾನು ನೋಡ್ಕೊಂಡು ಬರ್ತೀನಿ" ಎಂದು ಅಪ್ಪಣೆ ಕೊಟ್ಟು ಹೋದರು. ಹೋದವರು ಹೋದರೇ. ಹಾಲ್‌ನಲ್ಲಿ ಉಳಿದದ್ದು ನಾನು, ಷಡ್ಡಕ, ಮತ್ತೆ ಧುಂ ಧುಂ. ಇಬ್ಬರೂ ಕಣ್ಣು ಮುಚ್ಚಿ ತಲೆಯಾಡಿಸುತ್ತಾ, ಮಧ್ಯೆ ಮಧ್ಯೆ ಒಂದು ಕಣ್ಣು ತೆರೆದು ಇನ್ನೊಬ್ಬ ನಿಲ್ಲಿಸಿದನೇ ಎಂದು ನೋಡುತ್ತಿದ್ದೆವು.

ಕೊನೆಗೆ ತಡೆಯಲಾರದೆ ಹೋಗಿ ಅಡುಗೆಮನೆಯ ಬಾಗಿಲು ತೆರೆದೆ. ಒಳಗೆ ಪಿಯಾನೋ! ಎಂಥ ಪಿಯಾನೋ! ಮಳೆಹನಿ ಬಿದ್ದ ಹಾಗೆ ಒಂದು ಸ್ವರದ ಹಿಂದೆ ಇನ್ನೊಂದು. ಮಾವ ಹಿಟ್ಟಿನ ಡಬ್ಬದ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ನಾದಿನಿ ಒರಳುಕಲ್ಲಿಗೆ ಒರಗಿದ್ದಳು. ಡ್ರಿಲ್ ಮೇಷ್ಟ್ರು ಜೀವನದಲ್ಲಿ ಮೊದಲ ಸಲ ಬೆನ್ನು ಬಗ್ಗಿಸಿ ನೆಲದ ಮೇಲೆ ಕೂತಿದ್ದರು. ನನ್ನ ಹೆಂಡತಿ ಈರುಳ್ಳಿಯನ್ನು ಪಿಯಾನೋದ ತಾಳಕ್ಕೆ ಸರಿಯಾಗಿ ಹೆಚ್ಚುತ್ತಿದ್ದಳು.

"ಬಾಗಿಲು ಹಾಕ್ರೀ!" ಎಂದು ನಾಲ್ವರೂ ಒಟ್ಟಿಗೆ ಕೂಗಿದರು. "ಹಾಲ್‌ನಲ್ಲಿರೋ ಗಲಾಟೆ ಒಳಗೆ ಬರ್ತಿದೆ!"

ಆಗ ಮಾವ ಕಣ್ಣು ತೆರೆದು, ಗಂಟಲು ಸರಿಮಾಡಿಕೊಂಡರು. ಆ ಸದ್ದು ನನಗೆ ಗೊತ್ತು. ನಾನು ಅಂಗಿ ಎಳೆದುಕೊಂಡು ನೆಟ್ಟಗೆ ನಿಂತೆ.

"ಭೇಷ್" ಎಂದರು ಮಾವ. "ಭೇಷ್ ಮಗಳೇ. ಅಲ್ಲಿ ಹಾಲ್‌ನಲ್ಲಿ ಯಾರೋ ಗೋಡೆಗೆ ಮೊಳೆ ಹೊಡೀತಿದ್ರು. ನಿನ್ನ ಹತ್ರ ಬಂದ ಮೇಲೆ ಜೀವ ಬಂತು."

ನನ್ನ ಮುಖ ಹುಳ್ಳಗಾಯಿತು. ಸ್ಪೀಕರು ತಂದವನು ನಾನು, ವೈರು ಎಳೆದವನು ನಾನು, ಭೇಷ್ ಮಾತ್ರ ಈರುಳ್ಳಿ ಹೆಚ್ಚಿದವಳಿಗೆ! ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನನ್ನು ನೋಡಿ ನಗುತ್ತಿದ್ದಳು. ಈರುಳ್ಳಿಯ ನೆಪ ಇತ್ತು, ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ತಲೆ ಇಣುಕಿತು. ಷಡ್ಡಕ. ಒಮ್ಮೆ ಹಿಂದೆ ಹಾಲ್ ಕಡೆ ಕಿವಿ ಕೊಟ್ಟ, ಒಮ್ಮೆ ಮುಂದೆ ಅಡುಗೆಮನೆಗೆ ಕಿವಿ ಕೊಟ್ಟ. ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು.

"ಭಾವ... ಒಂದೊಂದು ಕೋಣೆಗೆ ಒಂದೊಂದು ವಾದ್ಯ ಬರುತ್ತಾ?"

ಏನಾಗಿದೆ ಎಂದು ನನಗೂ ಗೊತ್ತಿರಲಿಲ್ಲ. ಆದರೆ ಅವನ ಮುಖ ನೋಡಿದ ಮೇಲೆ ಗೊತ್ತಿರುವ ಅಗತ್ಯವೂ ಇರಲಿಲ್ಲ.

"ಹೊಸದಾಗಿ ಬಂದಿದೆ" ಎಂದೆ.

"ನಮ್ಮದರಲ್ಲಿ ಮೂರೂ ಒಂದೇ ಕಡೆ ಕಲಸ್ಕೊಂಡು ಬರುತ್ತಲ್ಲ!"

"ಹಳೇ ಮಾಡೆಲ್ಲು. ಏನ್ ಮಾಡೋಕಾಗುತ್ತೆ. ಇದ್ದಷ್ಟರಲ್ಲೇ ತೃಪ್ತಿಪಡಬೇಕು."

ಅವನು ಆ ದಿನ ಊಟವನ್ನೇ ಮಾಡಲಿಲ್ಲ. ನಾನು ಅವನ ಪಾಲಿನದನ್ನೂ ಉಂಡೆ. ಅಷ್ಟು ರುಚಿಯಾದ ಊಟವನ್ನು ನಾನು ಮಾಡಿಯೇ ಇರಲಿಲ್ಲ.

ಮಾರನೆಯ ದಿನ ಸ್ಪೀಕರ್ ಅಂಗಡಿಯವನನ್ನು ಕೇಳಿದೆ. ಅವನು ಹಣೆ ಹಣೆ ಚಚ್ಚಿಕೊಂಡ. "ಸರ್, ಹಳೇ ರೆಕಾರ್ಡುಗಳಲ್ಲಿ ಪಿಯಾನೋ ಒಂದು ಸ್ಪೀಕರಿಗೆ, ಮಿಕ್ಕಿದ್ದೆಲ್ಲ ಇನ್ನೊಂದಕ್ಕೆ ಹಾಕಿರ್ತಾರೆ. ಎರಡನ್ನೂ ಒಂದೇ ಕೋಣೇಲಿ ಇಟ್ಟು ಎದುರಿಗೆ ಕೂರಬೇಕು. ಆಗ ಮೂವರೂ ನಿಮ್ಮ ಮುಂದೆ ಕೂತು ಬಾರಿಸಿದ ಹಾಗಿರುತ್ತೆ. ನೀವು ಅಂಗಡಿಯಿಂದ ಓಡಿಹೋದಾಗ ಇದನ್ನೇ ಹೇಳ್ತಿದ್ದೆ."

ನನಗೆ ತಕ್ಷಣ ಅರ್ಥವಾಯಿತು. ಕನ್ನಡಕದ ಒಂದು ಗಾಜನ್ನು ಮೂಗಿನ ಮೇಲಿಟ್ಟುಕೊಂಡು ಇನ್ನೊಂದನ್ನು ಅಡುಗೆಮನೆಯಲ್ಲಿಟ್ಟ ಹಾಗಾಗಿತ್ತು ನನ್ನ ಕೆಲಸ. ನೇರ ಮನೆಗೆ ಹೋಗಿ ಅಡುಗೆಮನೆಯ ಸ್ಪೀಕರಿಗೆ ಕೈ ಹಾಕಿದೆ.

"ಮುಟ್ಟಿದ್ರೆ ನೋಡಿ!" ಎಂದಳು ಹೆಂಡತಿ. "ಇನ್ಮೇಲೆ ಪ್ರತಿ ಭಾನುವಾರ ಬರ್ತೀನಿ ಅಂದಿದಾರೆ ಅಪ್ಪ. ಆ ಡಬ್ಬದ ಮೇಲೆ ಹಾಕೋಕೆ ಮೆತ್ತೆ ಬೇರೆ ಹೊಲಿದಿದೀನಿ."

ಅವಳು ಬಿಟ್ಟಿದ್ದರೂ ನಾನು ಮುಟ್ಟುತ್ತಿರಲಿಲ್ಲ ಅನ್ನಿ. ಎರಡನ್ನೂ ಹಾಲ್‌ನಲ್ಲಿಟ್ಟರೆ ನನ್ನದೂ ಕಲಸಿಕೊಂಡು ಬರುತ್ತದೆ, ಅದು ಷಡ್ಡಕನಿಗೆ ಗೊತ್ತಾಗುತ್ತದೆ, ಅವನು ಮತ್ತೆ ಹೊಟ್ಟೆ ತುಂಬ ಊಟ ಮಾಡುತ್ತಾನೆ. ಅದಾಗಕೂಡದು. ಹೀಗಾಗಿ ಭಾನುವಾರ ಬಂತೆಂದರೆ ಮಾವ ಬಾಗಿಲಲ್ಲಿ ನನಗೊಂದು "ಹೂಂ" ಕೊಟ್ಟು ನೇರ ಅಡುಗೆಮನೆ ಸೇರುತ್ತಾರೆ. ಡ್ರಿಲ್ ಮೇಷ್ಟ್ರು ಕೂತುಕೊಳ್ಳಲು ತಮ್ಮದೇ ಚಾಪೆ ತರುತ್ತಾರೆ. ಒಳಗಿನಿಂದ ಅಪ್ಪ ಮಗಳ ನಗು, ಲೋಟದ ಸದ್ದು, ಆಗಾಗ ಒಂದು ಭೇಷ್. ನಾನು ಹಾಲ್‌ನಲ್ಲಿ ಒಬ್ಬನೇ ಧುಂ ಧುಂ ಕೇಳುತ್ತೇನೆ. ಒಳಗೆ ಇಣುಕಿದರೆ ಬಾಗಿಲು ಹಾಕಿ ಅನ್ನುತ್ತಾರೆ. ನನ್ನ ಮನೆಯ ಅಡುಗೆಮನೆಯನ್ನು ಕಂಡೇ ನನಗೆ ಮೈಯೆಲ್ಲ ಉರಿಯತೊಡಗಿತು.

ಒಂದು ಭಾನುವಾರ ಸಹಿಸಲಾಗಲಿಲ್ಲ. ಇನ್ನೊಂದೇ ಒಂದು ಸಲ ಮೂವರೂ ಒಟ್ಟಿಗೆ ಬಾರಿಸುವುದನ್ನು ಕೇಳಬೇಕು ಅನ್ನಿಸಿಬಿಟ್ಟಿತು. ಷಡ್ಡಕನ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಡುತ್ತೇನೆ ಎಂಬ ನೆಪ ಹಿಡಿದು ಅವನ ಮನೆಗೆ ಹೋದೆ. ಬಾಗಿಲು ತೆರೆದವನ ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು. ಹಾಲ್‌ನಲ್ಲಿ ಒಂದೇ ಸ್ಪೀಕರು. ನನ್ನ ಹತ್ತಿರ ಇದ್ದಂಥದ್ದೇ ರೆಕಾರ್ಡು, ತಾನೂ ಒಂದು ಹುಡುಕಿ ತರಿಸಿದ್ದ. ಧುಂ ಧುಂ ಧುಂ ಧುಂ.

"ಪಿಯಾನೋ?" ಎಂದೆ.

"ಬಚ್ಚಲಲ್ಲಿ."

"ಅಲ್ಲಿ ಹೋಗಿ ಕೇಳಬಹುದಲ್ಲ?"

"ಹೇಗೆ ಹೋಗೋದು, ಭಾವ? ನಿಮ್ಮ ನಾದಿನಿ ಸ್ನಾನಕ್ಕೆ ಅಂತ ಹೋದವಳು ಒಳಗಿಂದ ಚಿಲಕ ಹಾಕ್ಕೊಂಡು ಕೂತಿದಾಳೆ. ವಾರವೆಲ್ಲ ಇದೇ ಪಾಡು. ನಾನು ಮುಖ ತೊಳ್ಕೊಳ್ಳೋದು ಹಿತ್ತಲ ನಲ್ಲಿಯಲ್ಲಿ."

ಆ ಮಧ್ಯದ ಮೆತ್ತನೆಯ ಕುರ್ಚಿ ಖಾಲಿ ಇತ್ತು. "ಕೂತ್ಕೊಳ್ಳಿ" ಎಂದು ಅವನೇ ಕೈ ಹಿಡಿದು ಕೂರಿಸಿದ. ನನಗೆ ಅಯ್ಯೋ ಪಾಪ ಅನ್ನಿಸಿತು. ಎರಡನ್ನೂ ಒಂದೇ ಕಡೆ ಇಡಯ್ಯಾ ಅಂದುಬಿಟ್ಟರೆ ಇಬ್ಬರಿಗೂ ಪಿಯಾನೋ ಸಿಗುತ್ತಿತ್ತು, ಅವನಿಗೆ ಬಚ್ಚಲೂ ಸಿಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವನ ಸ್ಪೀಕರಿನಿಂದ ಬಂದ ಧುಂ ನನ್ನ ಎದೆಗೆ ತಾಗಿತು. ಗುಂಡಗೆ, ತುಂಬಿಕೊಂಡು, ಹದವಾಗಿ. ನನ್ನ ಮನೆಯ ಧುಂ ಇಷ್ಟು ಚೆನ್ನಾಗಿರಲಿಲ್ಲ.

"ಹೇಗಿದೆ, ಭಾವ?" ಎಂದು ಷಡ್ಡಕ ಆಸೆಯಿಂದ ಕೇಳಿದ.

"ಚೆನ್ನಾಗಿದೆ" ಎಂದೆ. "ಸ್ವಲ್ಪ ಕಿರ್ ಅನ್ನುತ್ತೆ, ಅಷ್ಟೇ."